ಯುದ್ಧನೌಕೆಯಲ್ಲಿ ಅಣುಬಾಂಬ್ ಇಲ್ಲವೆಂದು ಹೇಳಬೇಕಾದವರು ಯಾರು?

(ದೃಶ್ಯ: ಪಣಂಬೂರು, ನವಮಂಗಳೂರು ಬಂದರು. ಟಗ್‌ಗಳ ನಡುವೆ ಒಳಬರುವ ಸರಕು ಹಡಗು)

ನಿರೂಪಣೆ: ನಮಸ್ಕಾರ. ಪಣಂಬೂರಿಗೆ ಬರುವ ಸರಕು ಹಡಗಿನಲ್ಲಿ ಏನೇನುಂಟು ಎಂಬ ಪಟ್ಟಿ ಹಡಗಿಗಿಂತ ಮೊದಲೇ ಬಂದರಿಗೆ ತಲುಪಿರಬೇಕು. ಯುದ್ಧನೌಕೆಗೆ ಹಾಗಿಲ್ಲ. ವಿದೇಶಿ ಯುದ್ಧನೌಕೆಯನ್ನು ಹತ್ತಿ ತಪಾಸಣೆ ಮಾಡುವ ಹಕ್ಕು ಆತಿಥೇಯ ದೇಶಕ್ಕಿಲ್ಲ. ಮೇಲಾಗಿ, ತನ್ನ ಯಾವ ಹಡಗಿನಲ್ಲಿ ಅಣ್ವಸ್ತ್ರ ಉಂಟು, ಯಾವುದರಲ್ಲಿ ಇಲ್ಲ ಎಂದು ಅಮೆರಿಕ ಹೇಳುವುದೇ ಇಲ್ಲ. ಒಂದು ಹಡಗಿನಲ್ಲಿ ಇಲ್ಲ ಎಂದುಬಿಟ್ಟರೆ, ಮೌನವಾಗಿರುವ ಇನ್ನೊಂದರಲ್ಲಿ ಉಂಟು ಎಂದು ಶತ್ರು ಊಹಿಸಬಹುದಲ್ಲ?

(ನಕ್ಷೆ: ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ)

1951ರಲ್ಲಿ ಈ ಮೂರು ದೇಶಗಳು ಆಂಜಸ್ ಒಪ್ಪಂದಕ್ಕೆ ಸಹಿ ಹಾಕಿದವು. ಪೆಸಿಫಿಕ್‌ನಲ್ಲಿ ಒಬ್ಬರ ಮೇಲೆ ದಾಳಿಯಾದರೆ ಉಳಿದವರು ತಮ್ಮ ಸಂವಿಧಾನದ ಪ್ರಕಾರ ಕ್ರಮ ಕೈಗೊಳ್ಳಬೇಕು. ಹಡಗುಗಳಿಗೆ ಬಂದರು ತೆರೆದಿಡಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಆದರೆ ಬಂದರಿಗೆ ಬಿಡದ ಮೈತ್ರಿ ಮೈತ್ರಿಯೇ ಅಲ್ಲ ಎಂಬುದು ಅಮೆರಿಕದ ವಾದವಾಗಿತ್ತು.

1984ರಲ್ಲಿ ಡೇವಿಡ್ ಲಾಂಗಿ ಅವರ ಲೇಬರ್ ಪಕ್ಷ ಅಣ್ವಸ್ತ್ರಮುಕ್ತ ನ್ಯೂಜಿಲೆಂಡ್ ಎಂಬ ಭರವಸೆ ಕೊಟ್ಟು ಗೆದ್ದಿತು. ಆಗ ಅಮೆರಿಕ ಕಳುಹಿಸಲು ಹೊರಟದ್ದು ಬುಕಾನನ್ ಎಂಬ ಹಳೆಯ ಡಿಸ್ಟ್ರಾಯರ್. ಎಣ್ಣೆ ಉರಿಸಿ ಹಬೆಯಲ್ಲಿ ಓಡುವ ಹಡಗು, ಅಣು ರಿಯಾಕ್ಟರ್ ಇಲ್ಲ. ತೊಡಕು ಇದ್ದದ್ದು ಅದರ ಮೇಲಿನ ಆಸ್ರಾಕ್ ಉಡಾವಕದಲ್ಲಿ. ಜಲಾಂತರ್ಗಾಮಿಗಳನ್ನು ಹೊಡೆಯುವ ಆ ರಾಕೆಟ್‌ಗೆ ಸಾಮಾನ್ಯ ಟಾರ್ಪಿಡೊವನ್ನೂ ಕೂರಿಸಬಹುದಿತ್ತು, ಅಣು ಸಿಡಿತಲೆಯನ್ನೂ ಕೂರಿಸಬಹುದಿತ್ತು. ಯಾವುದು ಒಳಗಿದೆಯೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ, ಅಮೆರಿಕ ಹೇಳುವಂತಿರಲಿಲ್ಲ. 1985ರ ಫೆಬ್ರವರಿಯಲ್ಲಿ ಲಾಂಗಿ ಸರ್ಕಾರ ಬೇಡ ಎಂದಿತು.

ಜಂಟಿ ಕವಾಯತುಗಳು ನಿಂತವು, ಗುಪ್ತಚರ ಮಾಹಿತಿಯ ಹರಿವು ಬಹಳಷ್ಟು ಕಡಿಮೆಯಾಯಿತು. 1986ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ಬಗೆಗಿನ ತನ್ನ ರಕ್ಷಣಾ ಹೊಣೆಯನ್ನು ಅಮೆರಿಕ ಅಮಾನತಿನಲ್ಲಿಟ್ಟಿತು. ಆಸ್ಟ್ರೇಲಿಯಾ ಮಾತ್ರ ಎರಡೂ ಕಡೆಯೊಂದಿಗೆ ಬೇರೆ ಬೇರೆಯಾಗಿ ಸಂಬಂಧ ಮುಂದುವರಿಸಿತು.

(ಪರದೆಯ ಮೇಲೆ: 1987ರ ಕಾಯ್ದೆ, ಸೆಕ್ಷನ್ 9 ಮತ್ತು 11)

ಅಣ್ವಸ್ತ್ರಮುಕ್ತ ನೀತಿಗೆ ಕಾನೂನಿನ ರೂಪ ಕೊಟ್ಟ ನ್ಯೂಜಿಲೆಂಡಿನ 1987ರ ಕಾಯ್ದೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಅದರ ರಚನೆ ಅಷ್ಟು ಜಾಣತನದ್ದು. ಸೆಕ್ಷನ್ 9ರ ಪ್ರಕಾರ ಹಡಗಿನಲ್ಲಿ ಅಣ್ವಸ್ತ್ರ ಇರುವುದಿಲ್ಲವೆಂದು ಪ್ರಧಾನಿಗೆ ಮನವರಿಕೆಯಾಗಬೇಕು. ತನಗೆ ಸಿಕ್ಕ ಮಾಹಿತಿ, ಸಲಹೆಗಳ ಮೇಲೆ ಪ್ರಧಾನಿಯೇ ತೀರ್ಮಾನಿಸುತ್ತಾರೆ. ಹಡಗಿನವರಿಂದ ಪ್ರಮಾಣಪತ್ರ ಕೇಳಬೇಕಾಗಿಲ್ಲ. ಸೆಕ್ಷನ್ 11ರಲ್ಲಿ ಇಂಥ ವಿವೇಚನೆಗೆ ಜಾಗವಿಲ್ಲ: ಅಣುಶಕ್ತಿಯಿಂದ ಚಲಿಸುವ ಹಡಗಿಗೆ ಪ್ರವೇಶ ಇಲ್ಲವೇ ಇಲ್ಲ.

ಜಪಾನಿನ ಕೋಬೆ ನಗರ ಬೇರೆ ದಾರಿ ಹಿಡಿಯಿತು. ಅಲ್ಲಿ ಬಂದರು ನಗರಾಡಳಿತದ ಕೈಯಲ್ಲಿದೆ. (ನಮ್ಮ ಪಣಂಬೂರು ಕೇಂದ್ರದ ಬಂದರು, ಮಂಗಳೂರು ಪಾಲಿಕೆಗೆ ಆ ಅಧಿಕಾರ ಇಲ್ಲ.) 1975ರಿಂದ ಕೋಬೆ ವಿದೇಶಿ ಯುದ್ಧನೌಕೆಗಳಿಂದ ಅಣ್ವಸ್ತ್ರ ಇಲ್ಲವೆಂಬ ಲಿಖಿತ ಪತ್ರ ಕೇಳತೊಡಗಿತು. ಅಮೆರಿಕದ ಯುದ್ಧನೌಕೆಗಳು ದಶಕಗಳ ಕಾಲ ಅಲ್ಲಿಗೆ ಬರಲೇ ಇಲ್ಲ. ಟೋಕಿಯೊ ಸರ್ಕಾರವಾದರೋ ಅಣ್ವಸ್ತ್ರ ಒಳಗೆ ಬಿಡುವುದಿಲ್ಲವೆಂದು ಜನರಿಗೆ ಹೇಳುತ್ತಲೇ, ಬಂದುಹೋಗುವ ಹಡಗುಗಳ ಬಗ್ಗೆ ಅಮೆರಿಕವನ್ನು ಕೇಳದೆ ಸುಮ್ಮನಿತ್ತು. ಆ ಒಳ ಒಪ್ಪಂದ ಇದ್ದದ್ದು ನಿಜವೆಂದು ಅಧಿಕೃತವಾಗಿ ಹೊರಬಂದದ್ದು 2010ರಲ್ಲಿ. ಮೈತ್ರಿ ಉಳಿಯಿತು, ಆದರೆ ತನ್ನ ಜನರನ್ನೇ ಕತ್ತಲಲ್ಲಿಟ್ಟು. ನಮ್ಮ ಮಟ್ಟಿಗೆ, ಬೆಲೆ ಬಹಿರಂಗವಾಗಿ ತೆತ್ತ ನ್ಯೂಜಿಲೆಂಡಿನ ದಾರಿಯೇ ಹೆಚ್ಚು ಪ್ರಾಮಾಣಿಕ.

ಗಂಟು ಸಡಿಲಾಗಿದ್ದು ಅಮೆರಿಕದ ಕಡೆಯಿಂದ. ಮೇಲ್ಮೈ ಹಡಗುಗಳಿಂದ ಅಣ್ವಸ್ತ್ರ ತೆಗೆಯುವುದಾಗಿ 1991ರಲ್ಲಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಘೋಷಿಸಿದರು. ಆದರೂ ಹಲವು ದೇಶಗಳ ನೌಕಾಪಡೆಗಳು ಸೇರುವ 2012ರ ರಿಮ್‌ಪ್ಯಾಕ್ ಕವಾಯತಿಗೆ ಹೋದ ನ್ಯೂಜಿಲೆಂಡ್ ಹಡಗುಗಳು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಬಿಟ್ಟು ಹೊನಲುಲುವಿನ ನಾಗರಿಕ ಬಂದರಿನಲ್ಲಿ ನಿಲ್ಲಬೇಕಾಯಿತು. 2016ರಲ್ಲಿ ಪ್ರಧಾನಿ ಜಾನ್ ಕೀ ಅದೇ ಸೆಕ್ಷನ್ 9ರ ಅಡಿ ಸ್ಯಾಂಪ್ಸನ್ ಎಂಬ ಅಮೆರಿಕನ್ ಡಿಸ್ಟ್ರಾಯರ್‌ಗೆ ಅನುಮತಿ ಕೊಟ್ಟರು. ಕಾಯ್ದೆಯೂ ಬದಲಾಗಲಿಲ್ಲ, ಅಮೆರಿಕವೂ ಬಾಯಿಬಿಡಲಿಲ್ಲ. ಅದೇ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಕೈಕೋರಾದಲ್ಲಿ ಭೂಕಂಪವಾದಾಗ ಆ ಹಡಗು ಪರಿಹಾರ ಕಾರ್ಯಕ್ಕೂ ಹೋಯಿತು.

(ದೃಶ್ಯ: ಜಲಾಂತರ್ಗಾಮಿಯ ರೇಖಾಚಿತ್ರ)

ಸೆಕ್ಷನ್ 11 ಮಾತ್ರ ಹಾಗೆಯೇ ಉಂಟು. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳ ನಡುವಿನ 2021ರ ಆಕಸ್ ಒಪ್ಪಂದದಂತೆ ಆಸ್ಟ್ರೇಲಿಯಾ ಪಡೆಯಲಿರುವ ಜಲಾಂತರ್ಗಾಮಿಗಳಲ್ಲಿ ಅಣ್ವಸ್ತ್ರ ಇರುವುದಿಲ್ಲ, ಆದರೆ ಅವು ಓಡುವುದು ಅಣುಶಕ್ತಿಯಿಂದ. ಅತ್ಯಂತ ಹತ್ತಿರದ ಮಿತ್ರನ ಆ ಜಲಾಂತರ್ಗಾಮಿಗಳಿಗೂ ಪ್ರವೇಶವಿಲ್ಲ ಎಂದು ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೂಡಲೇ ಹೇಳಿದರು.