ಕಲ್ನಾರಿನ ಕ್ಯಾನ್ಸರ್: ರಕ್ತದ ಪ್ರೋಟೀನನ್ನು ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ. 2012ರಲ್ಲಿ ಫಿಬುಲಿನ್-3 ಎಂಬ ಪ್ರೋಟೀನು ದೊಡ್ಡ ಸುದ್ದಿಯಾಯಿತು. ಅಮೆರಿಕದ ಆ ಅಧ್ಯಯನ ಮೆಸೋಥೀಲಿಯೋಮದ ಬಗ್ಗೆ, ಅಂದರೆ ಕಲ್ನಾರಿನ ಎಳೆಗಳಿಂದ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರಿನ ಬಗ್ಗೆ. ಪ್ಲಾಸ್ಮಾದಲ್ಲಿ, ಅಂದರೆ ಹೆಪ್ಪುಗಟ್ಟದಂತೆ ತೆಗೆದ ರಕ್ತದ ದ್ರವದಲ್ಲಿ, ಮಿಲಿಲೀಟರಿಗೆ 52.8 ನ್ಯಾನೋಗ್ರಾಂ ಗಡಿ ಹಾಕಿಕೊಂಡರೆ, ರೋಗ ಇದ್ದವರಲ್ಲಿ ಶೇ 96.7 ಮಂದಿ ಸಿಗುತ್ತಾರೆ, ಇಲ್ಲದವರಲ್ಲಿ ಶೇ 95.5 ಮಂದಿಗೆ ರೋಗವಿಲ್ಲ ಎಂದು ಪರೀಕ್ಷೆ ಸರಿಯಾಗಿ ಹೇಳುತ್ತದೆ ಎಂದು ಅದು ಹೇಳಿತು. 2014ರಲ್ಲಿ ಆಸ್ಟ್ರೇಲಿಯಾದ ಪರ್ತ್ ತಂಡ ಅದನ್ನೇ ಅಳೆಯಿತು. ಆರ್‌ಓಸಿ ರೇಖೆಯ ಕೆಳಗಿನ ವಿಸ್ತೀರ್ಣ, ಅಂದರೆ ರೋಗಿಗಳನ್ನು ಇತರರಿಂದ ಪರೀಕ್ಷೆ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದರ ಅಳತೆ, ಬಂದದ್ದು ಬರೀ 0.67. ಹಳೆಯ ಪ್ರೋಟೀನಾದ ಮೆಸೋಥೆಲಿನ್ನೇ 0.82 ಪಡೆದು ಮುಂದಿತ್ತು. 0.5 ಎಂದರೆ ನಾಣ್ಯ ಚಿಮ್ಮಿದ ಹಾಗೆ ಎಂಬುದು ನೆನಪಿರಲಿ.

ಇಷ್ಟು ವ್ಯತ್ಯಾಸಕ್ಕೆ ಒಂದೇ ಕಾರಣ ಇರುವುದಿಲ್ಲ. ಆದರೆ ಇಂಥ ಯಾವ ಅಧ್ಯಯನ ಕೈಗೆ ಬಂದರೂ ಮೊದಲು ನೋಡಬೇಕಾದ್ದು ಹೋಲಿಕೆಗೆ ಯಾರನ್ನು ಇಟ್ಟುಕೊಂಡಿದ್ದಾರೆ ಎಂಬುದನ್ನು. ಗಟ್ಟಿಮುಟ್ಟಾಗಿರುವ ನಿವೃತ್ತ ಕಾರ್ಮಿಕನನ್ನೂ ಎದೆಯಲ್ಲಿ ನೀರು ತುಂಬಿರುವ ರೋಗಿಯನ್ನೂ ಬೇರ್ಪಡಿಸಲು ಪ್ರೋಟೀನ್ ಬೇಕಿಲ್ಲ, ಎಕ್ಸ್‌ರೇ ಸಾಕು. ವೈದ್ಯರ ನಿಜವಾದ ಪ್ರಶ್ನೆ ಬೇರೆ: ಈ ನೀರು ಮೆಸೋಥೀಲಿಯೋಮದ್ದೋ, ಶ್ವಾಸಕೋಶದೊಳಗಿನ ಕ್ಯಾನ್ಸರಾದ ಅಡಿನೊಕಾರ್ಸಿನೋಮದ್ದೋ, ಕ್ಷಯದ್ದೋ, ಹೃದಯ ಸೋತದ್ದರದೋ? ಹೋಲಿಕೆಯ ಗುಂಪಿನಲ್ಲಿ ಇವರೆಲ್ಲ ಇರಬೇಕು. ನಮ್ಮ ದೇಶದಲ್ಲಂತೂ ಕ್ಷಯದ ನೀರನ್ನು ಬಿಟ್ಟ ಅಧ್ಯಯನವನ್ನು ನಾನು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ರಕ್ತದ ಮಾದರಿ. ರೋಗಿಗಳದ್ದು ಒಂದು ಆಸ್ಪತ್ರೆಯಿಂದ, ಹೋಲಿಕೆಯವರದ್ದು ಇನ್ನೊಂದು ಶಿಬಿರದಿಂದ ಬಂದರೆ ಕೆಲವೊಮ್ಮೆ ನಾವು ಅಳೆಯುವುದು ಕ್ಯಾನ್ಸರನ್ನಲ್ಲ, ಫ್ರೀಜರನ್ನು. ಆಸ್ಟಿಯೊಪಾಂಟಿನ್ ಎಂಬ ಇನ್ನೊಂದು ಪ್ರೋಟೀನನ್ನು ನೋಡಿ: ರಕ್ತ ಹೆಪ್ಪುಗಟ್ಟುವಾಗ ಥ್ರಾಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಹಾಗಾಗಿ ಸೀರಂನಲ್ಲಿ, ಅಂದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದಲ್ಲಿ, ಸಿಗುವ ಅಂಕಿಯೇ ಬೇರೆ, ಪ್ಲಾಸ್ಮಾದ್ದೇ ಬೇರೆ. ಒಂದರ ಗಡಿಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬು, ಸೆಂಟ್ರಿಫ್ಯೂಜ್ ಮಾಡಲು ಆದ ತಡ, ಮೈನಸ್ 80 ಡಿಗ್ರಿಯಲ್ಲಿಟ್ಟ ವರ್ಷಗಳು, ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರು, ಎಲ್ಲವೂ ದಾಖಲಾಗಬೇಕು. ರೋಗಿಗಳ ಮತ್ತು ಹೋಲಿಕೆಯವರ ಮಾದರಿಗಳನ್ನು ಒಂದೇ ತಟ್ಟೆಯಲ್ಲಿ ಬೆರೆಸಿ, ಯಾರದ್ದೆಂದು ತಿಳಿಯದವರು ಅಳೆಯಬೇಕು.

ಈಗ ಮೆಸೋಥೆಲಿನ್. ಇವೆಲ್ಲದರಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಇದೇ. 2012ರಲ್ಲಿ 16 ಅಧ್ಯಯನಗಳ 4,491 ಜನರ ಮಾಹಿತಿಯನ್ನು ಒಟ್ಟುಗೂಡಿಸಿದರು. ಅವರಲ್ಲಿ 1,026 ಮಂದಿಗೆ ಮೆಸೋಥೀಲಿಯೋಮ ಇತ್ತು. ತಪ್ಪು ಎಚ್ಚರಿಕೆಯನ್ನು ಶೇ 5ಕ್ಕೆ ಕಟ್ಟಿಹಾಕಿದಾಗ, ಎಪಿಥೀಲಿಯಾಯ್ಡ್ (ಹೊದಿಕೆಯ ಕೋಶಗಳಂತೆ ಕಾಣುವ) ಮತ್ತು ಮಿಶ್ರ ಬಗೆಯ ರೋಗ ಮೊದಲ ಎರಡು ಹಂತಗಳಲ್ಲಿದ್ದವರಲ್ಲಿ ಸಿಕ್ಕಿದ್ದು ಶೇ 32 ಮಂದಿ ಮಾತ್ರ. ಸಾರ್ಕೋಮಟಾಯ್ಡ್ (ಕದಿರಿನಾಕಾರದ ಕೋಶಗಳ) ಬಗೆಯ ಗಡ್ಡೆ ಮೆಸೋಥೆಲಿನ್ನನ್ನು ಸಾಮಾನ್ಯವಾಗಿ ತಯಾರಿಸುವುದೇ ಇಲ್ಲ. ಆದ್ದರಿಂದ ಮಟ್ಟ ಕಡಿಮೆ ಇದೆ ಎಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಮಟ್ಟ ಹೆಚ್ಚಿದ್ದರೆ ಕ್ರಿಯಾಟಿನಿನ್ ನೋಡಿ: ಮೂತ್ರಪಿಂಡ ಕುಂದಿದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದು ಏರುತ್ತದೆ. ಕಲ್ನಾರಿನ ಕೆಲಸ ಮಾಡಿದವರು ರೋಗ ಕಾಣಿಸುವ ಹೊತ್ತಿಗೆ ಬಹುಪಾಲು ವಯಸ್ಸಾದವರು, ಆದ್ದರಿಂದ ಇದು ಅಪರೂಪದ ತೊಡಕಲ್ಲ.

ಹಾಗಿದ್ದರೆ ಕಾರ್ಮಿಕರೆಲ್ಲರ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬಾರದೇಕೆ? ಜರ್ಮನಿಯಲ್ಲಿ ಕಲ್ನಾರಿಗೆ ಒಡ್ಡಿಕೊಂಡಿದ್ದ ಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮೆಸೋಥೆಲಿನ್ ಜೊತೆಗೆ ಇನ್ನೊಂದು ಪ್ರೋಟೀನಾದ ಕ್ಯಾಲ್‌ರೆಟಿನಿನ್ನನ್ನೂ ಅಳೆದರು. ರೋಗ ಪತ್ತೆಯಾಗುವ ಮುಂಚಿನ ಒಂದು ವರ್ಷದೊಳಗೆ ತೆಗೆದ ಮಾದರಿಗಳಲ್ಲಿ, ತಪ್ಪು ಎಚ್ಚರಿಕೆ ಶೇ 2 ಇದ್ದಾಗ, ಸುಮಾರು ಶೇ 46 ಸಿಕ್ಕವು. ಈ ರೋಗದ ಮಟ್ಟಿಗೆ ಇದು ಒಳ್ಳೆಯ ಫಲಿತಾಂಶವೇ. ಆದರೆ ಲೆಕ್ಕ ಹಾಕಿ: 10,000 ಕಾರ್ಮಿಕರಲ್ಲಿ ಆ ವರ್ಷ 10 ಮಂದಿಗೆ ರೋಗ ಬರುತ್ತದೆ ಎಂದುಕೊಂಡರೆ, ಸಿಗುವವರು ನಾಲ್ಕೈದು ಮಂದಿ, ಸುಮ್ಮನೆ ಹೆದರುವವರು ಸುಮಾರು 200. ಅವರಲ್ಲಿ ಪ್ರತಿಯೊಬ್ಬರಿಗೂ ಸಿಟಿ ಸ್ಕ್ಯಾನ್, ಕೆಲವರಿಗೆ ಎದೆಯೊಳಗೆ ಕೊಳವೆ ತೂರಿಸಿ ನೋಡುವ ಥೊರಾಕೊಸ್ಕೋಪಿ.

ಮುನ್ನೋಟದ ಪ್ರಶ್ನೆ ಬೇರೆ, ಅದರ ಪರೀಕ್ಷೆಯೂ ಬೇರೆ. ರೋಗ ಗುರುತಿಸುವಲ್ಲಿ ಸೋತ ಪ್ರೋಟೀನು ಇಲ್ಲಿ ಗೆಲ್ಲಬಹುದು: ಅದೇ ಪರ್ತ್ ಅಧ್ಯಯನದಲ್ಲಿ ಎದೆನೀರಿನಲ್ಲಿದ್ದ ಫಿಬುಲಿನ್-3 ರೋಗಿ ಎಷ್ಟು ಕಾಲ ಬದುಕುತ್ತಾರೆ ಎಂಬುದರ ಸೂಚನೆ ಕೊಟ್ಟಿತು. ಆದರೆ ಬದುಕುಳಿಯುವ ಕಾಲವನ್ನು ಹಲವು ಅಂಶಗಳೊಡನೆ ತೂಗುವ ಕಾಕ್ಸ್ ಎಂಬ ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ಕೋಶಬಗೆ, ವಯಸ್ಸು, ಓಡಾಡುವ ಶಕ್ತಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲವನ್ನೂ ಸೇರಿಸಿದ ಮೇಲೂ ಪ್ರೋಟೀನ್ ಹೊಸದೇನಾದರೂ ಹೇಳಬೇಕು. ಹತ್ತಾರು ಗಡಿಗಳನ್ನು ಹಾಕಿ ನೋಡಿ, ಚೆಂದ ಕಂಡ ಒಂದನ್ನು ಮಾತ್ರ ಪ್ರಕಟಿಸುವ ಚಾಳಿ ಇಲ್ಲೇ ಹೆಚ್ಚು. ಗಡಿ ಮೊದಲೇ ನಿಗದಿಯಾಗಿರಬೇಕು, ಇಲ್ಲವೇ ಅಂಕಿಯನ್ನು ಕತ್ತರಿಸದೆ ಹಾಗೇ ಬಳಸಬೇಕು.

ಅಂತಿಮ ತೀರ್ಪು ಇವತ್ತಿಗೂ ಅಂಗಾಂಶದ್ದೇ. ಅದರ ತುಣುಕಿನಲ್ಲಿ ಒಂದೊಂದು ಪ್ರೋಟೀನಿಗೂ ಬಣ್ಣ ಹಾಕಿ ನೋಡುತ್ತಾರೆ. ಕ್ಯಾಲ್‌ರೆಟಿನಿನ್, ಡಬ್ಲ್ಯೂಟಿ1 ಬಣ್ಣ ಹಿಡಿದು, ಕ್ಲಾಡಿನ್-4, ಟಿಟಿಎಫ್-1 ಹಿಡಿಯದಿದ್ದರೆ ಮೆಸೋಥೀಲಿಯಲ್ ಕೋಶ, ಅಂದರೆ ಆ ಹೊರಪೊರೆಯದೇ ಕೋಶ, ಎಂದಾಯಿತು. ಅದು ಕ್ಯಾನ್ಸರೋ, ಬರಿಯ ಉರಿಯೂತವೋ ಎಂಬುದಕ್ಕೆ ಬಿಎಪಿ1 ಎಂಬ ಪ್ರೋಟೀನಿನ ಬಣ್ಣ ಬೇಕು. ಗಡ್ಡೆಯ ಕೋಶಕೇಂದ್ರಗಳಲ್ಲಿ ಕಂದು ಬಣ್ಣ ಮಾಯವಾಗಿದ್ದರೆ ಅದು ಕ್ಯಾನ್ಸರಿನ ಪರ ಬಲವಾದ ಸಾಕ್ಷ್ಯ. ಉಳಿದಿದ್ದರೆ ಕ್ಯಾನ್ಸರ್ ಇಲ್ಲ ಎಂದರ್ಥವಲ್ಲ, ಆಗ ಎಂಟಿಎಪಿ ಎಂಬ ಇನ್ನೊಂದು ಪ್ರೋಟೀನನ್ನು ನೋಡಬೇಕು. ಒಂದು ಎಚ್ಚರ: ಬಿಎಪಿ1 ಸ್ಲೈಡಿನಲ್ಲಿ ಪಕ್ಕದ ಲಿಂಫೋಸೈಟುಗಳ (ಒಂದು ಬಗೆಯ ಬಿಳಿರಕ್ತಕಣಗಳ) ಕೇಂದ್ರಗಳು ಕಂದಾಗಿರಲೇಬೇಕು. ಅವೂ ಬಿಳಿಚಿಕೊಂಡಿದ್ದರೆ ಬಣ್ಣವೇ ಹಿಡಿದಿಲ್ಲ. ಆ ಸ್ಲೈಡನ್ನು ಬಿಟ್ಟು ಹೊಸದಾಗಿ ಮಾಡಿಸಿ.