ಏರಿದ್ದೇಕೆ ಸ್ತನ ಕ್ಯಾನ್ಸರ್?

ಕೇಳುಗರೆಲ್ಲರಿಗೂ ನಮಸ್ಕಾರ. ಅದರಲ್ಲೂ ರೇಡಿಯೊ ಹಚ್ಚಿಟ್ಟುಕೊಂಡು ಸೊಪ್ಪು ಬಿಡಿಸುತ್ತಿರುವ ಅಕ್ಕತಂಗಿಯರಿಗೆ, ಅಮ್ಮಂದಿರಿಗೆ. ಕೈಕೆಲಸ ನಿಲ್ಲಿಸಬೇಡಿ, ಕಿವಿ ಇತ್ತ ಕೊಟ್ಟರೆ ಸಾಕು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ ಇಡುತ್ತಾ ಬಂದಿದ್ದಾರೆ. ಆಗ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಮುಂದು. ಅದು ಇಳಿಯುತ್ತಾ ಹೋಯಿತು, ಸ್ತನ ಕ್ಯಾನ್ಸರ್ ಏರುತ್ತಾ ಬಂತು. ಈಗ ಮೊದಲ ಸ್ಥಾನ ಇದರದೇ. ಯಾಕೆ? ಕಪ್ಪು ಬ್ರಾ ಅಂತೆ, ರವಿಕೆಯೊಳಗೆ ಮೊಬೈಲ್ ಇಟ್ಟದ್ದಂತೆ, ಹಿಂದಿನ ಜನ್ಮದ ಕರ್ಮವಂತೆ. ಈ ಅಂತೆಕಂತೆ ಕೇಳಿ ನನಗಂತೂ ಸಾಕಾಗಿದೆ. ದೊಡ್ಡ ಕಾರಣ ಹಾರ್ಮೋನಿನ ಲೆಕ್ಕ, ಅಂದರೆ ಹೆಣ್ಣಿನ ಹಾರ್ಮೋನು ಆಯುಷ್ಯದಲ್ಲಿ ಸ್ತನಕ್ಕೆ ಎಷ್ಟು ತಾಗಿತು ಅನ್ನುವುದು.

ಅಮೆರಿಕದ್ದೊಂದು ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠವಾಗಿಬಿಟ್ಟಿದೆ. ಅಲ್ಲಿ ಮುಟ್ಟು ನಿಂತ ಹೆಂಗಸರಿಗೆ ಮೈ ಬಿಸಿಯೇರುತ್ತೆ, ರಾತ್ರಿ ಬೆವರುತ್ತೆ ಅಂದರೆ ಹಾರ್ಮೋನ್ ಮಾತ್ರೆ ಬರೆದುಕೊಡುತ್ತಿದ್ದರು. ಹೃದಯಕ್ಕೂ ಒಳ್ಳೆಯದು ಅಂತ ಲಕ್ಷಾಂತರ ಜನ ವರ್ಷಗಟ್ಟಲೆ ನುಂಗಿದರು. ಅದು ನಿಜವೋ ನೋಡೋಣ ಅಂತ 16,000ಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈಸ್ಟ್ರೋಜನ್, ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನ್ ಸೇರಿದ ಮಾತ್ರೆ. ಇನ್ನೊಂದಕ್ಕೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ತನಗೆ ಬಂದದ್ದು ಯಾವುದೆಂದು ನುಂಗುವವಳಿಗೂ ಗೊತ್ತಿಲ್ಲ. 2002ರ ಜುಲೈನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾರ್ಮೋನ್ ಸಿಕ್ಕವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು. ಕಾಪಾಡಬೇಕಿದ್ದ ಹೃದಯಕ್ಕೂ ಆಘಾತ ಹೆಚ್ಚು! ಸುದ್ದಿ ಹೊರಬಿದ್ದದ್ದೇ ತಡ, ಹೆಂಗಸರು ಮಾತ್ರೆ ಬಿಟ್ಟರು. ಮರುವರ್ಷ, 2003ರಲ್ಲಿ, ಇಡೀ ದೇಶದ ಸ್ತನ ಕ್ಯಾನ್ಸರ್ ಪ್ರಮಾಣ ಸುಮಾರು ಶೇ. 7ರಷ್ಟು ಇಳಿಯಿತು. ಒಂದೇ ವರ್ಷದಲ್ಲಿ! ಇದನ್ನೇ ನಾನು ಹಾರ್ಮೋನಿನ ಲೆಕ್ಕ ಅನ್ನುವುದು.

ನಮ್ಮಲ್ಲಿ ಆ ಮಾತ್ರೆ ನುಂಗಿದವರು ಕಡಿಮೆ. ನಮ್ಮ ಲೆಕ್ಕ ಏರಿದ್ದು ಬೇರೆ ದಾರಿಯಲ್ಲಿ. ಅಜ್ಜಿ ಇಪ್ಪತ್ತು ತುಂಬುವ ಮೊದಲೇ ತಾಯಿ. ಬಸಿರು, ಬಾಣಂತನ, ವರ್ಷಗಟ್ಟಲೆ ಎದೆಹಾಲು, ಮುಟ್ಟಾದದ್ದೇ ಅಪರೂಪ. ಮೊಮ್ಮಗಳು ಬೇಗ ಮೈನೆರೆಯುತ್ತಾಳೆ, ಮೂವತ್ತು ದಾಟಿದ ಮೇಲೆ ಒಂದು ಮಗು, ಆರು ತಿಂಗಳಿಗೆ ಮತ್ತೆ ಆಫೀಸು. ತಿಂಗಳು ತಿಂಗಳೂ ಸ್ತನಕ್ಕೆ ಹಾರ್ಮೋನಿನ ಏರಿಳಿತ. ಹಾಗಂತ ಡಾಕ್ಟರೇ ಬೇಗ ಮದುವೆ ಮಾಡಿ ಅಂದರು ಅಂತ ಶುರುಮಾಡಬೇಡಿ, ಅತ್ತೆಯಂದಿರೇ, ನಾನು ಹಾಗೆ ಹೇಳಿಲ್ಲ.

ಗಾಜಿನಾಚೆಯಿಂದ ಆಗಲೇ ಕೈಸನ್ನೆ ಬರುತ್ತಿದೆ. ಬೊಜ್ಜು, ಮದ್ಯ, ವಂಶವಾಹಿ ಇವೂ ಇವೆ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬಿನಲ್ಲೇ ಈಸ್ಟ್ರೋಜನ್ ತಯಾರಾಗುತ್ತದೆ, ಅದೂ ಅದೇ ಲೆಕ್ಕ. ಇನ್ನೊಂದು ಮಾತು: ಗಂಟು ನೋಯುವುದಿಲ್ಲವಲ್ಲ ಅಂತ ಸುಮ್ಮನಿರಬೇಡಿ, ನೋಯದ ಗಂಟೇ ನಮಗೆ ಹೆಚ್ಚು ಅನುಮಾನ. ಜಾತ್ರೆ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅನ್ನದೆ ಈ ವಾರವೇ ಹೋಗಿ ತೋರಿಸಿ. ನಮಸ್ಕಾರ.