ಬಚ್ಚಿಡುವ ವಿದ್ಯೆ: ‘ಬೆಲ್ ಮತ್ತು ಸೆಬಾಸ್ಟಿಯನ್’ ಚಿತ್ರವನ್ನು ಕುರಿತು

ಸಭಿಕರೆಲ್ಲರಿಗೂ ನಮಸ್ಕಾರ.

ನಿನ್ನೆ ಸಂಜೆ ಇದೇ ಸಭಾಂಗಣದಲ್ಲಿ ಚಿತ್ರ ನಡೆಯುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿದ್ದ ಅಜ್ಜನ ಕಡೆ ತಿರುಗಿ, ತನ್ನ ಮಟ್ಟಿಗೆ ಪಿಸುಮಾತಾದರೂ ನಾಲ್ಕು ಸಾಲಿನ ಹಿಂದಿದ್ದ ನನಗೂ ಕೇಳಿಸುವಂತೆ, ‘ತಾತ, ಅಮೆರಿಕ ನಿಜವಾಗ್ಲೂ ಆ ಬೆಟ್ಟದ ಹಿಂದೆ ಇದೆಯಾ?’ ಎಂದು ಕೇಳಿದಳು. ‘ಸುಮ್ನೆ ನೋಡು’ ಎಂದರು ಅಜ್ಜ. ಪರದೆಯ ಮೇಲಿದ್ದ ಅಜ್ಜ ಸೆಜಾರನೂ ಹುಡುಗನನ್ನು ಇಷ್ಟು ವರ್ಷ ಸುಮ್ಮನಿರಿಸಿದ್ದು ಹೆಚ್ಚುಕಡಿಮೆ ಇದೇ ರೀತಿಯಲ್ಲಿ: ನಿನ್ನ ಅಮ್ಮ ಅಮೆರಿಕದಲ್ಲಿದ್ದಾಳೆ, ಅಮೆರಿಕ ಆ ಬೆಟ್ಟಗಳ ಆಚೆ ಇದೆ. ಇಂದು ನಾನು ಹೇಳಬೇಕೆಂದುಕೊಂಡಿರುವ ವಿಷಯಕ್ಕೆ ಆ ಹುಡುಗಿಯ ಪ್ರಶ್ನೆಯಿಂದಲೇ ದಾರಿ ಸಿಕ್ಕಿತು. ಈ ಚಿತ್ರವನ್ನು ನೋಡಿದವರೆಲ್ಲ ಮಗು ಮತ್ತು ನಾಯಿಯ ಸ್ನೇಹದ ಕಥೆ ಎನ್ನುತ್ತಾರೆ, ಅದು ತಪ್ಪಲ್ಲ. ಆದರೆ ನನಗೆ ಅದು ಬಚ್ಚಿಡುವುದನ್ನು ಕುರಿತ ಚಿತ್ರವಾಗಿ ಕಾಣಿಸುತ್ತದೆ. ಯಾರನ್ನು ಬಚ್ಚಿಡಬೇಕು, ಯಾರಿಂದ, ಮತ್ತು ಯಾವ ಸುಳ್ಳಿನ ಮರೆಯಲ್ಲಿ ಎಂಬುದನ್ನು ಕುರಿತ ಚಿತ್ರವಾಗಿ.

ಚಿತ್ರ ತೆರೆಕಂಡದ್ದು 2013ರ ಡಿಸೆಂಬರ್‌ನಲ್ಲಿ, ಫ್ರಾನ್ಸಿನಲ್ಲಿ. ನಿರ್ದೇಶಕ ನಿಕೊಲಾ ವಾನಿಯೆ ಸಿನಿಮಾದವರಿಗಿಂತ ಮೊದಲು ಹಿಮದ ಸಂಚಾರಿಗಳಿಗೆ ಗೊತ್ತಿದ್ದ ಹೆಸರು. 2005–06ರ ಚಳಿಗಾಲದಲ್ಲಿ ಬೈಕಲ್ ಸರೋವರದಿಂದ ಮಾಸ್ಕೋವರೆಗೆ ಸುಮಾರು 8,000 ಕಿಲೋಮೀಟರ್ ದೂರವನ್ನು ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಕ್ರಮಿಸಿದ ಮನುಷ್ಯ. ಹಿಮದಲ್ಲಿ ನಾಯಿ ಹೇಗೆ ಕಾಲಿಡುತ್ತದೆ, ಗಾಳಿ ಬದಲಾದಾಗ ಮೂತಿಯನ್ನು ಯಾವ ಕಡೆ ಎತ್ತುತ್ತದೆ ಎಂಬುದನ್ನು ಪುಸ್ತಕ ಓದಿ ಕಲಿತವರ ಕ್ಯಾಮೆರಾ ಅದಲ್ಲ ಎಂಬುದು ನಿನ್ನೆ ನಿಮಗೂ ಅನ್ನಿಸಿರಬೇಕು. ಹುಡುಗನ ಪಾತ್ರದಲ್ಲಿ ಫೆಲಿಕ್ಸ್ ಬೊಸ್ಯುಯೆ, ಸೆಜಾರನಾಗಿ ಚೆಕಿ ಕಾರ್ಯೊ ನಟಿಸಿದ್ದಾರೆ.

ಕಥೆ ಮಾತ್ರ ವಾನಿಯೆಯವರದಲ್ಲ. ಅದು ಸೆಸಿಲ್ ಒಬ್ರಿ ಎಂಬ ನಟಿ, ಲೇಖಕಿ ರಚಿಸಿದ್ದು. 1965ರಲ್ಲಿ ಫ್ರೆಂಚ್ ದೂರದರ್ಶನದಲ್ಲಿ 13 ಕಂತುಗಳ ಕಪ್ಪು-ಬಿಳುಪು ಧಾರಾವಾಹಿಯಾಗಿ ಅದು ಬಂದಾಗ ಸೆಬಾಸ್ಟಿಯನ್ ಆದದ್ದು ಆಕೆಯ ಸ್ವಂತ ಮಗ ಮೆಹ್ದಿ. ಅದೇ ಮೆಹ್ದಿ ಬೆಳೆದು, ನರೆತು, 2013ರ ಚಿತ್ರದಲ್ಲಿ ಒಂದು ಸಣ್ಣ ಪಾತ್ರದಲ್ಲಿ ಬಂದು ಹೋಗುತ್ತಾರೆ. ಮುಖ್ಯ ಸಂಗತಿ ಬೇರೆಯೇ ಇದೆ: ಆ ಮೂಲ ಧಾರಾವಾಹಿಯಲ್ಲಿ ಯುದ್ಧವೇ ಇಲ್ಲ. ಅದು ಅರವತ್ತರ ದಶಕದ ಗಡಿ ಹಳ್ಳಿಯ ಕಥೆ. 1943ನೇ ಇಸವಿಯನ್ನು, ಜರ್ಮನ್ ಸೈನಿಕರನ್ನು, ಬೆಟ್ಟ ದಾಟುವ ಯಹೂದಿ ಕುಟುಂಬವನ್ನು ತಂದದ್ದು ಚಲನಚಿತ್ರ. ಹಳೆಯ ಅಭಿಮಾನಿಗಳಿಗೆ ಇದು ಅನಗತ್ಯವಾದ ಹೇರಿಕೆಯಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ, ಏಕೆಂದರೆ ಮೂಲದಲ್ಲಿಯೇ ಆ ಮಗುವಿನ ತಾಯಿ ಹಿಮದಲ್ಲಿ ಗಡಿ ದಾಟಲು ಹೊರಟು, ಹೆತ್ತು, ಸತ್ತ ಜಿಪ್ಸಿ ಹೆಣ್ಣು. ಗಡಿ, ಹಿಮ, ಯಾರಿಗೂ ಬೇಡವಾದ ಜನ, ಮೂರೂ ಅಲ್ಲಿ ಮೊದಲಿನಿಂದಲೇ ಇದ್ದವು.

ಇನ್ನೊಂದು ಕಾರಣವೂ ಉಂಟು. ಅದಕ್ಕೆ ನಾನು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ.

1965ರ ಧಾರಾವಾಹಿಯ ಚಿತ್ರೀಕರಣ ನಡೆದದ್ದು ನೀಸ್ ನಗರದ ಉತ್ತರಕ್ಕಿರುವ ವೆಸುಬಿ ಕಣಿವೆಯಲ್ಲಿ. ಆ ಕಣಿವೆಯ ಮೇಲ್ತುದಿಯಲ್ಲಿ ಸ್ಯಾನ್ ಮಾರ್ತಾನ್ ವೆಸುಬಿ ಎಂಬ ಊರಿದೆ. 1942ರ ನವೆಂಬರ್‌ನಲ್ಲಿ ಜರ್ಮನರು ಫ್ರಾನ್ಸಿನ ದಕ್ಷಿಣ ಭಾಗಕ್ಕೂ ನುಗ್ಗಿದಾಗ, ಆಲ್ಪ್ಸ್‌ನ ಅಂಚಿನ ಪ್ರದೇಶಗಳು ಇಟಲಿಯ ಸೈನ್ಯದ ವಶಕ್ಕೆ ಹೋದವು. ಇಟಲಿಯು ಜರ್ಮನಿಯ ಮಿತ್ರರಾಷ್ಟ್ರವೇ ಆಗಿದ್ದರೂ ಅದರ ಅಧಿಕಾರಿಗಳು ಅಲ್ಲಿ ಯಹೂದಿಗಳನ್ನು ಹಿಡಿದು ಜರ್ಮನರಿಗೆ ಒಪ್ಪಿಸಲು ಕೈಜೋಡಿಸಲಿಲ್ಲ. ಹೀಗಾಗಿ ಪೋಲೆಂಡ್, ಜರ್ಮನಿ, ಆಸ್ಟ್ರಿಯಗಳಿಂದ ಓಡಿಬಂದ ನೂರಾರು ಯಹೂದಿಗಳನ್ನು ಈ ಊರಿನಲ್ಲಿ ಇರಿಸಲಾಯಿತು. ಊರು ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೆ. 1943ರ ಸೆಪ್ಟೆಂಬರ್ 8ರಂದು ಇಟಲಿಯ ಶರಣಾಗತಿ ಘೋಷಣೆಯಾಯಿತು, ಇಟಲಿಯ ಸೈನಿಕರು ಬೆಟ್ಟ ಹತ್ತಿ ತಮ್ಮ ದೇಶದ ಕಡೆ ಹೊರಟರು, ಜರ್ಮನರು ಕೆಳಗಿನಿಂದ ಬರುವುದು ಖಚಿತವಾಯಿತು. ಆಗ ಸಾವಿರದಷ್ಟು ಮಂದಿ, ಮುದುಕರು, ಬಸುರಿಯರು, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು, ಪೇಟೆಯ ಬೂಟಿನಲ್ಲಿಯೇ 2,400 ಮೀಟರಿಗೂ ಎತ್ತರದ ಕಣಿವೆದಾರಿಗಳನ್ನು ನಡೆದು ದಾಟಿದರು. ಆಚೆ ಬದಿಯಲ್ಲಿಯೂ ಜರ್ಮನರು ಬಂದು ಸೇರಿದ್ದರು. ಸುಮಾರು 350 ಮಂದಿ ಬೋರ್ಗೊ ಸಾನ್ ದಾಲ್ಮಾತ್ಸೊ ಎಂಬಲ್ಲಿ ಬಂಧಿತರಾದರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ನವೆಂಬರ್‌ನಲ್ಲಿ ರೈಲಿಗೆ ತುಂಬಿ, ಪ್ಯಾರಿಸ್ ಬಳಿಯ ದ್ರಾನ್ಸಿ ಶಿಬಿರದ ಮೂಲಕ ಆಶ್ವಿಟ್ಜ್ ಮರಣಶಿಬಿರಕ್ಕೆ ಕಳಿಸಲಾಯಿತು. ಉಳಿದವರಲ್ಲಿ ಅನೇಕರನ್ನು ಇಟಲಿಯ ಬೆಟ್ಟದ ಹಳ್ಳಿಗಳ ರೈತರು, ಪಾದ್ರಿಗಳು ಕೊಟ್ಟಿಗೆಗಳಲ್ಲಿ, ಅಟ್ಟಗಳಲ್ಲಿ ಬಚ್ಚಿಟ್ಟರು.

ಈ ನಡಿಗೆ ನಡೆದು ಇಪ್ಪತ್ತೆರಡೇ ವರ್ಷಗಳ ಬಳಿಕ ಅದೇ ಕಣಿವೆಯಲ್ಲಿ ಒಬ್ಬ ಹುಡುಗ ಮತ್ತು ಒಂದು ಬಿಳಿ ನಾಯಿ ಕ್ಯಾಮೆರಾದ ಮುಂದೆ ಓಡಾಡಿದರು. ವಾನಿಯೆ ತಮ್ಮ ಚಿತ್ರವನ್ನು ಅಲ್ಲಿಂದ ಉತ್ತರಕ್ಕೆ, ಸವಾಯ್ ಪ್ರಾಂತದ ಓತ್ ಮೊರಿಯೆನ್ ಕಣಿವೆಗೆ ಒಯ್ದರು. ಆದರೆ ಮೊದಲ ಕಣಿವೆ ಬಾಯಿಬಿಡದೆ ಉಳಿಸಿಕೊಂಡಿದ್ದ ಕಥೆ ಅವರ ಚಿತ್ರದೊಳಕ್ಕೆ ಬಂದಿದೆ.

ಈಗ ನಾಯಿಯ ವಿಷಯಕ್ಕೆ ಬರೋಣ. ಇದು ಕುರಿ ಅಟ್ಟುವ ನಾಯಿಯಲ್ಲ, ಕುರಿ ಕಾಯುವ ನಾಯಿ. ಪಿರೆನೀಸ್ ಪರ್ವತದ ತಳಿ. ಈ ವ್ಯತ್ಯಾಸವನ್ನು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದಾಗ ರಾತ್ರಿಯಿಡೀ ಹಿಂಡಿನ ಅಂಚಿನಲ್ಲಿ ಒಂದು ಕಿವಿ ತೆರೆದುಕೊಂಡು ಮಲಗುವ ನಾಯಿಯನ್ನು ನೋಡಿದವರಿಗೆ, ಅಂಥ ನಾಯಿಯ ಮೇಲೆಯೇ ‘ಕುರಿ ಕೊಂದದ್ದು ಇದೇ’ ಎಂಬ ಆರೋಪ ಬಂದರೆ ಅದೆಂಥ ಮಾತೆಂದು ಗೊತ್ತಾಗುತ್ತದೆ. ಊರಿನ ಗಂಡಸರಿಗೆ ಸತ್ತ ಕುರಿಗಳು ಕಂಡಿವೆ, ಯಾರನ್ನಾದರೂ ಹೊಣೆ ಮಾಡಬೇಕಾಗಿದೆ, ಒಡೆಯನ ಹೊಡೆತ ತಾಳದೆ ತಪ್ಪಿಸಿಕೊಂಡ ನಾಯಿಯೊಂದು ಬೆಟ್ಟದಲ್ಲಿ ಅಲೆಯುತ್ತಿದೆ. ಅವರು ಅದನ್ನು ನಾಯಿ ಎನ್ನುವುದನ್ನು ಬಿಟ್ಟು ‘ಮೃಗ’ ಎನ್ನತೊಡಗುತ್ತಾರೆ. ಹೆಸರು ಬದಲಾಯಿಸಿದ ಮೇಲೆ ಬಂದೂಕು ಎತ್ತುವುದು ಸುಲಭ.

ಹೊಳೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ಕೂದಲು ಜಡೆಗಟ್ಟಿ, ಕೆಸರು ಮೆತ್ತಿ, ಬೂದು ಬಣ್ಣಕ್ಕೆ ತಿರುಗಿದ್ದ ಆ ದೊಡ್ಡ ದೇಹ ನೀರಿಗಿಳಿಯುತ್ತದೆ. ಹುಡುಗ ಎರಡೂ ಕೈಗಳಿಂದ ಉಜ್ಜುತ್ತಾನೆ. ಕೊಳೆ ಹರಿದುಹೋದಂತೆ ಒಳಗಿನಿಂದ ಬಿಳುಪು ಹೊರಬರುತ್ತದೆ. ಅವನು ಅದಕ್ಕೆ ಬೆಲ್, ಅಂದರೆ ಸುಂದರಿ, ಎಂದು ಹೆಸರಿಡುತ್ತಾನೆ. ಈ ದೃಶ್ಯದ ಹಿಂದೆ ಸಂಗೀತ ಸ್ವಲ್ಪ ಹೆಚ್ಚೇ ಆಯಿತು ಎಂಬುದು ನನ್ನ ಅಭಿಪ್ರಾಯ, ನೀರಿನ ಸದ್ದೊಂದೇ ಸಾಕಿತ್ತು. ಆದರೂ ಊರು ಕೊಟ್ಟ ಹೆಸರನ್ನು ಒಂದು ಮಗು ತೊಳೆದುಹಾಕುವುದನ್ನು ಇಷ್ಟು ನೇರವಾಗಿ ತೋರಿಸಿದ ದೃಶ್ಯಗಳು ಹೆಚ್ಚಿಲ್ಲ.

ಅಲ್ಲಿಂದ ಮುಂದೆ ಸೆಬಾಸ್ಟಿಯನ್ ಮಾಡುವುದೆಲ್ಲ ಬಚ್ಚಿಡುವವರ ಕೆಲಸವೇ. ಮನೆಯಿಂದ ತಿನಿಸು ಕದಿಯುತ್ತಾನೆ. ಎಲ್ಲಿಗೆ ಹೋಗಿದ್ದೆ ಎಂದರೆ ಬೇರೆ ದಿಕ್ಕು ತೋರಿಸುತ್ತಾನೆ. ಅವನಿಗೆ ತಿಳಿಯದಂತೆ ಅದೇ ಊರಿನ ವೈದ್ಯ ಗಿಯೋಮ್ ಕೂಡ ಇದನ್ನೇ ಮಾಡುತ್ತಿದ್ದಾನೆ. ಅವನು ಬಚ್ಚಿಟ್ಟು ಬೆಟ್ಟ ದಾಟಿಸುತ್ತಿರುವುದು ಮನುಷ್ಯರನ್ನು. ನಾಯಿಗೆ ಗುಂಡೇಟು ಬಿದ್ದಾಗ ಹುಡುಗ ಓಡಿಹೋಗುವುದು ಆ ವೈದ್ಯನ ಬಳಿಗೇ, ಮನುಷ್ಯರ ವೈದ್ಯ ನಾಯಿಯ ಗಾಯಕ್ಕೆ ಕೈಹಾಕುತ್ತಾನೆ. ಇಬ್ಬರ ಗುಟ್ಟುಗಳೂ ಒಂದೇ ಕಡೆ ಬಂದು ನಿಲ್ಲುವುದು ಅಲ್ಲಿ. ‘ನೋಡಿ, ನಾಯಿಯೂ ನಿರಾಶ್ರಿತರೂ ಒಂದೇ’ ಎಂದು ಯಾವ ಪಾತ್ರದ ಬಾಯಲ್ಲೂ ಹೇಳಿಸದೆ ಬಿಟ್ಟದ್ದು ಈ ಚಿತ್ರದ ದೊಡ್ಡ ಸಂಯಮ. ಹೇಳಿಸಿದ್ದರೆ ಅದು ಅವಮಾನವೂ ಆಗುತ್ತಿತ್ತು. ಮಗುವಿಗೆ ಹೋಲಿಕೆಗಳು ಬೇಡ, ಅಭ್ಯಾಸ ಸಾಕು: ಬೇಟೆಯಾಡುವವರಿಂದ ಒಂದು ಜೀವವನ್ನು ಮರೆಮಾಡಿ ಗೊತ್ತಿದ್ದವನಿಗೆ, ಕೊನೆಯಲ್ಲಿ ಗಿಯೋಮ್ ನಡೆಯಲಾರದೆ ಹೋದಾಗ, ಸೆಜಾರನ ಮನೆಯ ಯುವತಿ ಆಂಜೆಲಿನಾ ಕರೆದೊಯ್ಯುವ ಕುಟುಂಬದ ಜೊತೆ ಹಿಮದಲ್ಲಿ ನಡೆಯುವುದು ಹೊಸ ಕೆಲಸವೆನಿಸುವುದಿಲ್ಲ.

ಇಲ್ಲಿ ಚಿತ್ರದ ಹೊರಗಿನ ಒಂದು ಸಂಗತಿ ಹೇಳಬೇಕು. 1942ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಯಹೂದಿಗಳು ನಾಯಿ, ಬೆಕ್ಕು, ಹಕ್ಕಿ ಏನನ್ನೂ ಸಾಕಬಾರದೆಂಬ ಆಜ್ಞೆ ಹೊರಟಿತು. ಬೇರೆಯವರಿಗೆ ಕೊಡುವಂತೆಯೂ ಇರಲಿಲ್ಲ. ಡ್ರೆಸ್ಡೆನ್‌ನಲ್ಲಿದ್ದ ಫ್ರೆಂಚ್ ಸಾಹಿತ್ಯದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ತಮ್ಮ ದಿನಚರಿಯಲ್ಲಿ ಇದನ್ನು ದಾಖಲಿಸಿದ್ದಾರೆ. ಅವರು ಮತ್ತು ಅವರ ಹೆಂಡತಿ ತಮ್ಮ ಬೆಕ್ಕು ಮುಶೆಲ್ ಅನ್ನು ಆಳುವವರ ಕೈಗೆ ಕೊಡುವುದಕ್ಕಿಂತ ಇದೇ ಮೇಲು ಎಂದು ತಾವೇ ಗುಟ್ಟಾಗಿ ಪಶುವೈದ್ಯರ ಬಳಿಗೆ ಒಯ್ದು ದಯಾಮರಣ ಕೊಡಿಸಿದರು. ಅತ್ತ ಇಂಗ್ಲೆಂಡಿನಲ್ಲಿ, 1939ರ ಸೆಪ್ಟೆಂಬರ್‌ನ ಮೊದಲ ವಾರದಲ್ಲಿ, ಒಂದೇ ಒಂದು ಬಾಂಬ್ ಬೀಳುವ ಮುನ್ನವೇ ಲಕ್ಷಾಂತರ ಸಾಕುಪ್ರಾಣಿಗಳನ್ನು ಅವುಗಳ ಒಡೆಯರೇ ಸಾಯಿಸಿದರು. ಸರ್ಕಾರದ ಆಜ್ಞೆ ಇರಲಿಲ್ಲ. ಸಲಹೆಯ ಕರಪತ್ರವಿತ್ತು, ಹೆದರಿಕೆ ಇತ್ತು. ಯುದ್ಧಕಾಲದ ಮಗುವಿನ ಪಕ್ಕದಲ್ಲಿ ನಾಯಿಯನ್ನು ನಿಲ್ಲಿಸಿದ್ದು ಕಣ್ಣೀರು ತರಿಸಲು ಹೂಡಿದ ಉಪಾಯ ಎಂದು ಮೂಗು ಮುರಿಯುವವರಿಗೆ ಇವೆರಡು ಸಂಗತಿಗಳು ಸಾಕೆಂದುಕೊಂಡಿದ್ದೇನೆ.

ಚಿತ್ರದಲ್ಲಿ ನನಗೆ ಒಪ್ಪಿಗೆಯಾಗದವೂ ಇವೆ. ಜರ್ಮನ್ ಲೆಫ್ಟಿನೆಂಟ್ ಪೀಟರ್‌ಗೆ ಆಂಜೆಲಿನಾಳ ಮೇಲೆ ಒಲವಿದೆ, ಸಮಯ ಬಂದಾಗ ಅವನು ಎಚ್ಚರಿಕೆಯನ್ನೂ ಕೊಡುತ್ತಾನೆ. ಅಂಥವರು ಇರಲಿಲ್ಲವೆಂದಲ್ಲ, ಆದರೆ ಊರಿನಲ್ಲಿ ಕಾಣಿಸುವ ಮುಖ್ಯ ಜರ್ಮನ್ ಅಧಿಕಾರಿಯೇ ಸಜ್ಜನನಾದರೆ ಕಣಿವೆದಾರಿಯಲ್ಲಿ ಜನ ಯಾರಿಗೆ ಹೆದರಿ ನಡೆಯುತ್ತಿದ್ದಾರೆ ಎಂಬುದು ಮಸುಕಾಗುತ್ತದೆ. ಬೆಟ್ಟ ದಾಟುವ ಕುಟುಂಬಕ್ಕೆ ಮಾತುಗಳು ತೀರಾ ಕಡಿಮೆ. ಅವರು ಎಲ್ಲಿಂದ ಬಂದರು, ಏನು ಬಿಟ್ಟುಬಂದರು ತಿಳಿಯುವುದಿಲ್ಲ. ನಕ್ಷೆಯ ತಕರಾರೊಂದು ಉಂಟು. ಚಿತ್ರದಲ್ಲಿ ಆ ಕುಟುಂಬ ಬೆಟ್ಟ ದಾಟಿ ಸೇರುವುದು ಸ್ವಿಟ್ಜರ್ಲೆಂಡನ್ನು. ಆದರೆ ಚಿತ್ರೀಕರಣ ನಡೆದ ಕಣಿವೆಯ ಬೆನ್ನಿಗಿರುವುದು ಇಟಲಿ, ಸ್ವಿಟ್ಜರ್ಲೆಂಡ್ ಇನ್ನೂ ಉತ್ತರಕ್ಕಿದೆ. ಕಥೆಗೆ ಅಷ್ಟು ಸಲುಗೆ ಕೊಡೋಣ. ಆದರೆ ಗಡಿ ದಾಟಿದೊಡನೆ ಎಲ್ಲ ಸುಖಾಂತವೆಂಬ ಭಾವನೆಗೆ ಸಲುಗೆ ಕೊಡಲಾರೆ, ಏಕೆಂದರೆ 1942ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡ್ ಯಹೂದಿ ನಿರಾಶ್ರಿತರಿಗೆ ತನ್ನ ಗಡಿಯನ್ನು ಮುಚ್ಚಿತ್ತು, ಸಾವಿರಾರು ಮಂದಿಯನ್ನು ಅಲ್ಲಿಂದ ಹಿಂದಕ್ಕಟ್ಟಲಾಗಿತ್ತು.

ಇನ್ನು ಸೆಜಾರನ ಸುಳ್ಳು. ಹುಡುಗ ಅಮ್ಮನ ಬಗ್ಗೆ ನಿಜ ಕೇಳಿ ತಿಳಿದುಕೊಳ್ಳುವ ದೃಶ್ಯದಲ್ಲಿ ಚೆಕಿ ಕಾರ್ಯೊ ಅವರ ಮುಖವನ್ನು ಗಮನಿಸಿದಿರಾ? ಅವನ ಸುಳ್ಳೂ ಬಚ್ಚಿಡುವ ಕೆಲಸವೇ ಆಗಿತ್ತು, ಮಗುವಿನಿಂದ ಒಂದು ಸಾವನ್ನು. ಗಿಯೋಮನ ಸುಳ್ಳು ಜೀವ ಉಳಿಸುತ್ತದೆ, ಸೆಬಾಸ್ಟಿಯನ್ನನ ಸುಳ್ಳು ನಾಯಿಯನ್ನು ಉಳಿಸುತ್ತದೆ, ಸೆಜಾರನದು ಮಾತ್ರ ದಿನ ಕಳೆದಂತೆ ಭಾರವಾಗುತ್ತ ಹೋಗಿ ಅವನನ್ನು ಕುಡಿತಕ್ಕೆ ತಳ್ಳಿದೆ. ನಿಜ ತಿಳಿದ ಮೇಲೆ ಹುಡುಗ ಅದೇ ಬೆಟ್ಟವನ್ನು ಹತ್ತುತ್ತಾನೆ. ಆಚೆ ಅಮೆರಿಕ ಇಲ್ಲವೆಂದು ಈಗ ಅವನಿಗೆ ಗೊತ್ತು. ಬೇರೆಯವರ ಅಮ್ಮನನ್ನು ಆಚೆ ಮುಟ್ಟಿಸಿ, ನಾಯಿಯ ಜೊತೆ ಹಿಂತಿರುಗುತ್ತಾನೆ.

ಚಿತ್ರ ಮುಗಿದು ಚಪ್ಪಲಿ ಹುಡುಕುವ ಗದ್ದಲದಲ್ಲಿ ಆ ಹುಡುಗಿ ಮತ್ತೆ ಸಿಕ್ಕಳು. ‘ಅವನು ವಾಪಸ್ ಬಂದ ಮೇಲೆ ಸೋಲ್ಜರ್‌ಗಳು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೆ?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತ, ಆಗಲೇ ಯೋಚಿಸಿಟ್ಟುಕೊಂಡವಳಂತೆ ಹೇಳಿದಳು: ‘ನಾಯಿ ಕಳೆದುಹೋಗಿತ್ತು, ಹುಡುಕೋಕೆ ಹೋಗಿದ್ದೆ ಅನ್ಬೇಕು.’